ಸ್ಪಷ್ಟನೆ: ಹಳೇ ಸೀಟಿನ ಮೇಲೇ ಹೊಸ ರೆಕ್ಸಿನ್ ಹೊಲಿಸಬೇಡಿ

"ಹಳೇ ಅಂಬಾಸಿಡರ್ ಸೀಟಿನ ಕವರ್ ಬಿಚ್ಚಬೇಡಿ, ಮೇಲೇ ಹೊಸ ರೆಕ್ಸಿನ್ ಹೊಲಿಸಿ. ಅಸಲಿ ಚರ್ಮವಾದರೆ ಇನ್ನೂ ಒಳ್ಳೆಯದು" ಎಂಬ ಸಂದೇಶ ಚಿಕ್ಕಮಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ನಮ್ಮ ಮಳೆಗಾಲಕ್ಕಂತೂ ಪೂರ್ತಿ ತಪ್ಪು.

ರೆಕ್ಸಿನ್ ನೀರು ಹೀರುವುದಿಲ್ಲ ನಿಜ. ಆದರೆ ಹೊಲಿಗೆಯ ತೂತಿನಿಂದ ಒಳಗಿಳಿದ ನೀರನ್ನು ಹೊರಗೂ ಬಿಡುವುದಿಲ್ಲ. ಎರಡು ಪದರವಾದರೆ ಕೇಳುವುದೇ ಬೇಡ. ನಮ್ಮಪ್ಪನ ಕಾರಿನ ಹಿಂದಿನ ಸೀಟು ಬಿಚ್ಚಿದಾಗ ತೆಂಗಿನ ನಾರು ಕಪ್ಪಗೆ ಪುಡಿಯಾಗಿ ಅಂಗೈಗೆ ಉದುರಿತು. ಸ್ಪ್ರಿಂಗ್ ಎರಡು ಕಡೆ ತುಕ್ಕು ತಿಂದು ತುಂಡಾಗಿತ್ತು. ಮೇಲಿಂದ ನೋಡಿದರೆ ಸೀಟು ಚೆನ್ನಾಗಿಯೇ ಇತ್ತು!

ಹಳೇ ಕವರನ್ನು ಹರಿಯದಂತೆ ಬಿಚ್ಚಿಸಿ. ಹೊಲಿಗೆ ಬಿಡಿಸಿದ ಒಂದೊಂದು ತುಂಡೂ ಹೊಸದಕ್ಕೆ ಅಳತೆ. ಎಸೆದರೆ ಅಂಚಿನ ಹೊಲಿಗೆಯುದ್ದಕ್ಕೂ ಉಬ್ಬಿ ನಿಲ್ಲುವ ಆ ಪೈಪಿಂಗ್ ಗೆರೆ ಮತ್ತೆ ಹಾಗೆ ಕೂರುವುದಿಲ್ಲ. ತುಕ್ಕು ಉಜ್ಜಿ, ಬಣ್ಣ ಹೊಡೆದು, ಸ್ಪ್ರಿಂಗಿನ ಮೇಲೆ ಗೋಣಿಬಟ್ಟೆ ಹಾಸಿ, ಆಮೇಲೆ ಫೋಮ್. ರೆಕ್ಸಿನ್ನನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟು, ಮೆತ್ತಗಾದ ಮೇಲೆ ಎಳೆದು ಕೂರಿಸಿದರೆ ಸುಕ್ಕು ಕಡಿಮೆ.

ಚರ್ಮದ ಮಾತಿಗೆ ಬಂದರೆ, ಶೆಡ್ಡಿನಲ್ಲೇ ನಿಲ್ಲುವ ಕಾರಿಗೆ ಜುಲೈ ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ಒರೆಸಿ ಗಾಳಿಯಾಡಿಸುವವರು ಮಾತ್ರ ಹಾಕಿಸಿ.