ಟ್ರಂಪೆಟ್ಟಿನ ಮೌತ್‌ಪೀಸ್: ನಂಬರು ನೋಡಿ ಬದಲಿಸುವ ಮುಂಚೆ

ಮದುವೆ ಸೀಸನ್ ಮುಗಿದು ಮಳೆ ಹಿಡಿಯಿತೆಂದರೆ ನಮ್ಮ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಬ್ಯಾಂಡ್‌ಸೆಟ್‌ಗಳಲ್ಲಿ ಹೊಸ ಮೌತ್‌ಪೀಸ್, ಅಂದರೆ ಟ್ರಂಪೆಟ್ಟಿಗೆ ಸಿಕ್ಕಿಸಿ ತುಟಿಗಿಟ್ಟು ಊದುವ ತುಂಡು, ತರಿಸುವ ಮಾತು ಏಳುತ್ತದೆ. ಮಾತೆಲ್ಲ ನಂಬರಿನದ್ದೇ. "ನಿನ್ನದು ಇನ್ನೂ 7ಸಿಯಾ? ನಾನು 3ಸಿಗೆ ಹೋದೆ." ಏಳರಿಂದ ಐದು, ಐದರಿಂದ ಮೂರು, ಮೂರರಿಂದ ಒಂದೂವರೆ ಅಂದರೆ ಶಾಲೆಯಲ್ಲಿ ಕ್ಲಾಸು ದಾಟಿದ ಹಾಗೆ ಅಂತ ಹುಡುಗರು ತಿಳಿದುಕೊಂಡಿದ್ದಾರೆ. ಈ ತಿಳಿವಳಿಕೆಯಿಂದ ದುಡ್ಡು ಮಾತ್ರ ಹೋಗುವುದಲ್ಲ, ತುಟಿಯೂ ಹಾಳಾಗುತ್ತದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಈ ನಂಬರು ಎಲ್ಲಿಂದ ಬಂತು ನೋಡುವ. ವಿನ್ಸೆಂಟ್ ಬಾಕ್ ಆಸ್ಟ್ರಿಯಾದಲ್ಲಿ ಹುಟ್ಟಿದವರು, ಇಂಜಿನಿಯರಿಂಗ್ ಓದಿ ಟ್ರಂಪೆಟ್ ಹಿಡಿದವರು. 1914ರಲ್ಲಿ ಅಮೆರಿಕಕ್ಕೆ ಹೋಗಿ, 1918ರಲ್ಲಿ ನ್ಯೂಯಾರ್ಕಿನಲ್ಲಿ ಲೇತ್ ಇಟ್ಟು ಮೌತ್‌ಪೀಸ್ ಕಡೆಯಲು ಶುರು ಮಾಡಿದರು. ಅವರ ಲೆಕ್ಕದಲ್ಲಿ ನಂಬರು ಇಳಿದಷ್ಟೂ ಕಪ್ಪಿನ, ಅಂದರೆ ತುಟಿ ಕೂರುವ ಬಟ್ಟಲಿನ, ಅಗಲ ಜಾಸ್ತಿ. ಪಕ್ಕದ ಅಕ್ಷರ ಕಪ್ಪಿನ ಆಳ ಹೇಳುತ್ತದೆ: ಎ ಅಂದರೆ ತುಂಬ ಆಳ, ಸಿ ಮಧ್ಯಮ, ಇ ತೆಳು. ಈಗ ಕೆಟಲಾಗಿನ ಅಳತೆ ನೋಡಿ. 7ಸಿಯ ಒಳಅಗಲ 16.20 ಮಿಲಿಮೀಟರ್, 5ಸಿ 16.25, 3ಸಿ 16.30. ಏಳರಿಂದ ಮೂರಕ್ಕೆ ಹೋದವನು ದಾಟಿದ್ದು 0.10 ಮಿಲಿಮೀಟರ್, ಅಂದರೆ ಒಂದು ಝೆರಾಕ್ಸ್ ಹಾಳೆಯ ದಪ್ಪ. ಆದರೆ 1½ಸಿ 17.00. ಮೂರರಿಂದ ಒಂದೂವರೆಗೆ ಹೋದರೆ ಅಂತಹ ಏಳು ಹಾಳೆಗಳಷ್ಟು ಜಿಗಿತ. ನಂಬರು ನೋಡಿದರೆ ಸಣ್ಣ ಹೆಜ್ಜೆ, ತುಟಿಗೆ ದೊಡ್ಡ ಹೊಳೆ. 3ಸಿ ಆರಾಮವಾಯಿತು ಅಂತ ಅದೇ ಧೈರ್ಯದಲ್ಲಿ 1½ಸಿ ಹಿಡಿದವರು ಸೋಲುವುದು ಇಲ್ಲೇ.

ಯಮಾಹಾದ ಲೆಕ್ಕ ಇದಕ್ಕೆ ಪೂರ್ತಿ ತಲೆಕೆಳಗು. ಅಲ್ಲಿ ನಂಬರು ಏರಿದರೆ ಅಗಲ ಏರುತ್ತದೆ, ಅಕ್ಷರದಲ್ಲಿ ಎ ತೆಳು, ಮುಂದೆ ಹೋದಷ್ಟೂ ಆಳ. ಕಲಿಯುವವರ ಯಮಾಹಾ ಟ್ರಂಪೆಟ್ಟಿನ ಪೆಟ್ಟಿಗೆಯಲ್ಲಿ ಬರುವ 11ಬಿ4 ಕೆಟಲಾಗಿನಲ್ಲಿ 16.46 ಮಿಲಿಮೀಟರ್. ಬಾಕ್ 7ಸಿಗಿಂತ ಕಾಲು ಮಿಲಿಮೀಟರ್ ದೊಡ್ಡದು ಅನ್ನಬೇಕು, ಆದರೆ ತುಟಿಗಿಟ್ಟರೆ ಹೆಚ್ಚುಕಡಿಮೆ ಅದೇ ಗಾತ್ರ ಅನಿಸುತ್ತದೆ. ಯಾಕೆಂದರೆ ಒಂದು ಕಂಪೆನಿ ಅಳೆಯುವ ಆಳದಲ್ಲಿ ಇನ್ನೊಂದು ಅಳೆಯುವುದಿಲ್ಲ. ರಿಮ್ಮಿನ, ಅಂದರೆ ತುಟಿ ಒತ್ತುವ ಬಳೆಯ, ಅಂಚಿನಿಂದ ಕಪ್ ಒಳಗಿಳಿಯುವ ಕಡೆ ಗೋಡೆ ಓರೆ ಇರುತ್ತದೆ. ಕೂದಲೆಳೆಯಷ್ಟು ಮೇಲೆ ಕೆಳಗೆ ಅಳೆದರೆ ಸಂಖ್ಯೆ ಬೇರೆ. ಎರಡು ಕಂಪೆನಿಯ ಮಿಲಿಮೀಟರನ್ನು ಅಕ್ಕಪಕ್ಕ ಇಟ್ಟು ತೀರ್ಮಾನ ಮಾಡುವುದರಲ್ಲಿ ಅರ್ಥವಿಲ್ಲ.

ನಿಜವಾಗಿ ತುಟಿಗೆ ಗೊತ್ತಾಗುವುದು ರಿಮ್ಮಿನ ಆಕಾರ. ಮೇಲ್ಭಾಗ ಚಪ್ಪಟೆಯೋ ದುಂಡೋ, ಎತ್ತರದ ತುದಿ ಒಳಗಡೆ ಇದೆಯೋ ಹೊರಗಡೆ ಇದೆಯೋ, ಒಳಅಂಚು ಚೂಪೋ ಮೊಂಡೋ. ಒಳಅಂಚು ಚೂಪಾಗಿದ್ದರೆ ಸ್ವರ ಟಕ್ಕೆಂದು ಹಿಡಿಯುತ್ತದೆ, ಆದರೆ ಒತ್ತಿ ಊದುವವರಿಗೆ ಎರಡು ಗಂಟೆಯಲ್ಲಿ ತುಟಿ ಕಡಿದ ಹಾಗಾಗುತ್ತದೆ. ದುಂಡಗಿದ್ದರೆ ಮೃದು, ಜಾರಿಸಿ ನುಡಿಸಲು ಸಲೀಸು, ಆದರೆ ಆರಂಭದ ಪೆಟ್ಟು ಸ್ವಲ್ಪ ಮಂದ. ಹಲವರು 7ಸಿ ಬಿಟ್ಟು 3ಸಿಗೆ ಹೋಗಿ "ಆಹಾ, ಸುಖ" ಅನ್ನುವುದು ಅಂಚಿನ ವ್ಯತ್ಯಾಸದಿಂದ. ಆ ಸುಖವನ್ನು ಅವರು ನಂಬರಿನ ಖಾತೆಗೆ ಬರೆಯುತ್ತಾರೆ.

ದೊಡ್ಡವರು ಯಾವುದು ಊದಿದರು ಅಂತ ನೋಡಿ ಕೊಳ್ಳುವವರಿಗೆ ಒಂದು ಮಾತು. ಪ್ಯಾರಿಸ್ಸಿನಲ್ಲಿ ಅರ್ಬಾನ್ ಅವರು 1864ರಲ್ಲಿ ಕಲಿಕೆಯ ಪುಸ್ತಕ ಹೊರತಂದದ್ದು ಟ್ರಂಪೆಟ್ಟಿನ ಹತ್ತಿರದ ನೆಂಟ ಕಾರ್ನೆಟ್ಟಿಗೆ. ಆ ಕಾಲದ ಕಾರ್ನೆಟ್ ಕಪ್ ಆಳ, ಆಲಿಕೆಯ ಆಕಾರ, ನಾದ ಮೆತ್ತಗೆ. ಅಮೆರಿಕದ ಜಾಝ್ ಕಡೆ ಬಂದರೆ, ಡಿಜ್ಜಿ ಗಿಲೆಸ್ಪಿ ಆಲ್ ಕ್ಯಾಸ್ ಅವರ ಮೌತ್‌ಪೀಸ್ ಹಿಡಿದರು. ಹ್ಯಾರಿ ಜೇಮ್ಸ್ ಊದಿದ್ದು ಪರ್ದೂಬಾ, ಅದರಲ್ಲಿ ಕಪ್ಪಿನೊಳಗೆ ಇನ್ನೊಂದು ಕಪ್ಪಿನ ಮೆಟ್ಟಿಲು. ಮೈಲ್ಸ್ ಡೇವಿಸ್ ಅವರದು ಹೈಮ್ ಮಾದರಿ: ಆಳ, ರಿಮ್ ತೆಳ್ಳಗೆ. ಆ ಮೆಲುದನಿ ನಮಗೆ ಕೇಳಿಸುವುದು ಮೈಕ್ ಅವರ ಟ್ರಂಪೆಟ್ಟಿನ ಗಂಟೆಯ ಬಾಯಿಗೆ ತಾಗುವಷ್ಟು ಹತ್ತಿರ ಇದ್ದದ್ದರಿಂದ. ಅದೇ ಮೌತ್‌ಪೀಸ್ ಹಾಕಿ ಉಪ್ಪಳದ ಪೇಟೆಯಲ್ಲಿ ನಾಸಿಕ್ ಡೋಲಿನ ಪಕ್ಕ ನಡೆದರೆ ಊದಿದ್ದು ಊದಿದವನಿಗೂ ಕೇಳಿಸದು. ಇನ್ನು ದೊಡ್ಡ ಕಪ್ಪಿನ ಹುಚ್ಚಿಗೆ ಬಹುಮಟ್ಟಿಗೆ ಕಾರಣ ಶಿಕಾಗೊ ಸಿಂಫನಿಯ ಅಡಾಲ್ಫ್ ಹರ್ಸೆತ್. 1948ರಿಂದ 2001ರವರೆಗೆ ಅಲ್ಲಿ ಮೊದಲ ಟ್ರಂಪೆಟ್ ಅವರದ್ದು. ಅಪಘಾತದಲ್ಲಿ ತುಟಿಗೆ ಪೆಟ್ಟಾದ ಮೇಲೆ ಅವರು ದೊಡ್ಡ ಕಪ್ಪಿಗೆ ಹೋದರು, ಅವರ ನಾದ ಕೇಳಿದವರೆಲ್ಲ ಹಿಂದೆಯೇ ಹೋದರು. ಗಾಯದ ಕಾರಣಕ್ಕೆ ಒಬ್ಬರು ಹಿಡಿದ ದಾರಿ ಗಾಯವಿಲ್ಲದವರಿಗೆ ಪಾಠವಾಯಿತು. ಅದೂ ಆರ್ಕೆಸ್ಟ್ರಾದ ಟ್ರಂಪೆಟ್ ಅಂದರೆ ನಡುವೆ ನೂರು ಬಾರ್ (ತಾಳದ ಸುತ್ತು) ಸುಮ್ಮನೆ ಕೂರುವ ಕೆಲಸ.

ನಮ್ಮ ಕೆಲಸ ಎಂಥದ್ದು? ದಿಬ್ಬಣದ ಜೊತೆ ಬಿಸಿಲಲ್ಲಿ ನಡಿಗೆ, ಒಂದರ ಹಿಂದೆ ಒಂದು ಸಿನಿಮಾ ಹಾಡು. ಬೇಳದ ಇಗರ್ಜಿಯಂತಹ ಕಡೆ ಹಬ್ಬದ ಮೆರವಣಿಗೆ, ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಬೆಳಿಗ್ಗೆಯೇ ಭಕ್ತಿಗೀತೆ. ಶಾಲಾ ಕಲೋತ್ಸವದ ಬ್ಯಾಂಡ್ ಮೇಳದಲ್ಲಾದರೆ ಹೆಜ್ಜೆ ಹಾಕುತ್ತಾ ಶ್ರುತಿ ತಪ್ಪದ ಹಾಗೆ ಊದಬೇಕು. ಎಲ್ಲದರಲ್ಲೂ ಸಾಮಾನ್ಯವಾಗಿ ಇರುವುದು ಮೂರು: ಬಯಲು, ನಡಿಗೆ, ಬಿಡುವಿಲ್ಲದ ಊದು. ಇಂಥದ್ದಕ್ಕೆ ಮಧ್ಯಮ ಅಗಲ, ಮಧ್ಯಮ ಆಳ, ಸ್ವಲ್ಪ ದುಂಡು ರಿಮ್ ಸಾಕು. ಬಾಕ್ ಲೆಕ್ಕದಲ್ಲಿ 7ಸಿಯಿಂದ 3ಸಿಯವರೆಗೆ, ಯಮಾಹಾದಲ್ಲಿ 11ಬಿ4 ಆಸುಪಾಸು. ನೂರರಲ್ಲಿ ಹೆಚ್ಚಿನವರು ಇದರೊಳಗೇ ಜೀವಮಾನ ಕಳೆಯಬಹುದು ಅಂತ ನನ್ನ ಖಚಿತ ಅಭಿಪ್ರಾಯ.

"ಮೇಲಿನ ಸ್ವರ ಸಿಗುವುದಿಲ್ಲ, ತೆಳು ಕಪ್ ಹಾಕಿದರೆ ಸಿಗುತ್ತದಂತೆ" ಅನ್ನುವವರಿಗೆ ವಿಶೇಷವಾಗಿ ಹೇಳಬೇಕು. ತೆಳು ಕಪ್ಪಿನಲ್ಲಿ ನಾದ ಚುರುಕಾಗುತ್ತದೆ, ಮೊದಲ ಅರ್ಧ ಗಂಟೆ ಸಿಕ್ಕಿತು ಅಂತಲೇ ಅನಿಸುತ್ತದೆ. ಆದರೆ ಊದಿ ಊದಿ ತುಟಿ ದಪ್ಪವಾಗುತ್ತದಲ್ಲ, ಆ ಊದಿಕೊಂಡ ತುಟಿ ಕಪ್ಪಿನೊಳಗೆ ಇಳಿದು ತಳಕ್ಕೆ ತಾಗುತ್ತದೆ. ತಾಗಿದ ಕ್ಷಣ ಕಂಪನ ನಿಂತಿತು. ನಲ್ಲಿ ಕಟ್ಟಿದ ಹಾಗೆ ಸ್ವರ ಫಕ್ಕನೆ ಕಟ್ಟು. ಆಗ ಮಾಡುವ ತಪ್ಪು, ಇನ್ನೂ ಒತ್ತಿ ಹಿಡಿಯುವುದು. ಒತ್ತಿದಷ್ಟೂ ತುಟಿ ಇನ್ನೂ ಒಳಗೆ. ಈ ಒತ್ತಡ ವರ್ಷಗಟ್ಟಲೆ ನಡೆದರೆ ಬಾಯಿ ಸುತ್ತಲಿನ ಸ್ನಾಯುವೇ ಹರಿಯಬಹುದು. ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಅಡ್ಡಹೆಸರಿನಲ್ಲೇ ಅದಕ್ಕೆ ಸ್ಯಾಚ್ಮೋ ಸಿಂಡ್ರೋಮ್ ಅಂತ ವೈದ್ಯರು ಹೆಸರಿಟ್ಟಿದ್ದಾರೆ. ದೊಡ್ಡ ಕಪ್ಪಿನಲ್ಲಿ ತೊಂದರೆ ಬೇರೆ ಥರ: ತಳ ತಾಗುವುದಿಲ್ಲ, ಆದರೆ ಒಳಗೆ ಸೇರುವ ತುಟಿಯ ಮಾಂಸ ಜಾಸ್ತಿ, ಅದನ್ನು ಬಿಗಿ ಹಿಡಿಯಲು ಶಕ್ತಿ ಜಾಸ್ತಿ. ದಣಿದ ಹಾಗೆ ಶ್ರುತಿ ಇಳಿಯುತ್ತದೆ, ಪಕ್ಕದ ಸ್ಯಾಕ್ಸೋಫೋನಿನವರಿಗೂ ಕಷ್ಟ.

ಪರೀಕ್ಷೆ ಮಾಡುವ ಕ್ರಮ ಹೇಳುತ್ತೇನೆ. ಅಂಗಡಿಯಲ್ಲಿ ಐದು ನಿಮಿಷ ಊದಿ ತೀರ್ಮಾನ ಬೇಡ. ಹೊಸದು ಯಾವುದಾದರೂ ಐದು ನಿಮಿಷ ಚಂದವೇ. ಹತ್ತು ನಿಮಿಷ ಹದ ಮಾಡಿಕೊಂಡು ವಾಲ್ವ್ ಒತ್ತದೆ ಓಪನ್ ಸ್ವರ ಊದಿ: ಕೆಳಗಿನ ಸ, ಪ, ನಡುವಿನ ಸ, ಗ, ಪ, ಆಗುವುದಾದರೆ ಮೇಲಿನ ಸ. ಫೋನಿನ ಟ್ಯೂನರ್ ಎದುರಿಗೆ ಇರಲಿ, ಆದರೆ ಅದನ್ನು ನೋಡುತ್ತಾ ಊದಬೇಡಿ. ನೋಡಿದರೆ ತುಟಿ ತಾನಾಗಿ ಸರಿಮಾಡಿಬಿಡುತ್ತದೆ. ಕಣ್ಣು ಮುಚ್ಚಿ ಊದಿ, ಸ್ವರ ನಿಂತ ಮೇಲೆ ಕಣ್ಣು ತೆರೆದು ನೋಡಿ. ಗ ಸ್ವಲ್ಪ ಇಳಿದಿರುವುದು ಟ್ರಂಪೆಟ್ಟಿನ ಸ್ವಭಾವ, ಹೆದರಬೇಡಿ. ಮೂರು ಸ-ಗಳು ಒಂದಕ್ಕೊಂದು ಕೂಡಿ ಬರುತ್ತವೆಯೋ ಅದು ಮುಖ್ಯ. ಆಮೇಲೆ ನಲವತ್ತು ನಿಮಿಷ ನಿಮ್ಮ ಮಾಮೂಲಿ ಹಾಡುಗಳು. ಕೊನೆಗೆ ನಡುವಿನ ಪ-ವನ್ನು ಆದಷ್ಟು ಸಣ್ಣಗೆ, ಪಕ್ಕದ ಕೋಣೆಗೆ ಕೇಳದಷ್ಟು ಸಣ್ಣಗೆ ಹಿಡಿದು, ಎಷ್ಟು ಸೆಕೆಂಡಿಗೆ ನಾದ ಒಡೆದು ಬರೀ ಗಾಳಿ ಬರುತ್ತದೆ ಎಣಿಸಿ. ಹಳೆಯದರಲ್ಲಿ ಒಂದು ದಿನ, ಹೊಸದರಲ್ಲಿ ಇನ್ನೊಂದು ದಿನ, ಹೀಗೆ ಎರಡು ವಾರ. ದಣಿದ ತುಟಿ ಸಣ್ಣ ಸ್ವರದಲ್ಲಿ ಏನನ್ನೂ ಮುಚ್ಚಿಡಲಾರದು. ಒಂದೇ ದಿನ ಎರಡನ್ನೂ ಅದಲುಬದಲು ಮಾಡಿದರೆ ಯಾವುದರ ಗುಣ ಯಾವುದೆಂದು ತಿಳಿಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಸ-ಗಳು ಕೂಡದಿದ್ದರೆ ಮೌತ್‌ಪೀಸನ್ನು ಬಯ್ಯುವ ಮುಂಚೆ ಅದು ಕೂತ ಜಾಗ ನೋಡಿ. ನಮ್ಮ ಸೆಟ್‌ಗಳಲ್ಲಿ ಟ್ರಂಪೆಟ್ ಒಬ್ಬರು ಮಾಡಿದ್ದು, ಮೌತ್‌ಪೀಸ್ ಇನ್ನೊಬ್ಬರು ಮಾಡಿದ್ದು. ಅರ್ಧ ತೊಂದರೆ ಇಲ್ಲಿಂದಲೇ. ಮೌತ್‌ಪೀಸಿನ ಬಾಲ, ಅಂದರೆ ಶ್ಯಾಂಕ್, ಟ್ರಂಪೆಟ್ಟಿನ ರಿಸೀವರಿನೊಳಗೆ (ಮೌತ್‌ಪೀಸ್ ಕೂರುವ ಕೊಳವೆಬಾಯಿ) ಸುಮಾರು 25 ಮಿಲಿಮೀಟರ್ ಹೋಗಿ ನಿಲ್ಲಬೇಕು. ಅದರ ತುದಿಗೂ ಲೀಡ್‌ಪೈಪಿನ (ಅಲ್ಲಿಂದ ಮುಂದೆ ಗಾಳಿ ಹೋಗುವ ಕೊಳವೆ) ಆರಂಭಕ್ಕೂ ನಡುವೆ ಸುಮಾರು 3 ಮಿಲಿಮೀಟರ್ ಸಂದು ಇರಬೇಕು. ಅಳೆಯಲು ದುಬಾರಿ ಸಾಮಾನು ಬೇಡ, ಹಿಡಿಸೂಡಿಯ ಒಂದು ಗಟ್ಟಿ ಕಡ್ಡಿ ಸಾಕು. ಮೌತ್‌ಪೀಸ್ ಹಗುರವಾಗಿ ಹಾಕಿ, ರಿಸೀವರಿನ ಅಂಚಿಗೆ ಸರಿಯಾಗಿ ಶ್ಯಾಂಕಿನ ಮೇಲೆ ಪೆನ್ಸಿಲ್ ಗೆರೆ ಎಳೆದು ತೆಗೆಯಿರಿ. ಗೆರೆಯಿಂದ ತುದಿಯವರೆಗಿನ ಉದ್ದ ಒಂದು ಲೆಕ್ಕ. ಈಗ ಕಡ್ಡಿಯನ್ನು ರಿಸೀವರಿನೊಳಗೆ ಗೋಡೆಗೆ ತಾಗಿಸಿಕೊಂಡೇ ನಿಧಾನಕ್ಕೆ ದೂಡಿ. ಲೀಡ್‌ಪೈಪಿನ ಅಂಚು ಸಿಕ್ಕಿದಾಗ ಸಣ್ಣ ಮೆಟ್ಟಿಲು ಎಡವಿದ ಹಾಗೆ ನಿಲ್ಲುತ್ತದೆ. ಅಲ್ಲೇ ಉಗುರು ಒತ್ತಿ ಹಿಡಿದು ಹೊರತೆಗೆದು ಅಳೆಯಿರಿ. ಎರಡರ ವ್ಯತ್ಯಾಸವೇ ಸಂದು. ಸಂದು ತುಂಬ ದೊಡ್ಡದಿದ್ದರೆ ಮೇಲಿನ ಸ್ವರಗಳು ಹಿಡಿತಕ್ಕೆ ಸಿಗದೆ ಜಾರುತ್ತವೆ, ಸ್ಥಾಯಿಗಳ ನಡುವೆ ಶ್ರುತಿ ಹೊಂದುವುದಿಲ್ಲ. ಸಂದೇ ಇಲ್ಲದೆ ಶ್ಯಾಂಕ್ ತಳಕ್ಕೆ ಬಡಿದು ನಿಂತಿದ್ದರೆ ಮೌತ್‌ಪೀಸ್ ಅಲ್ಲಾಡುತ್ತದೆ, ಬದಿಯಿಂದ ಗಾಳಿ ಸೋರುತ್ತದೆ, ನಾದ ಬಿಗಿದುಕೊಳ್ಳುತ್ತದೆ.

ಹೀಗೆ ಅಲ್ಲಾಡುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ಕಾರ್ನೆಟ್ ಮೌತ್‌ಪೀಸನ್ನು ಟ್ರಂಪೆಟ್ಟಿಗೆ ಹಾಕುವುದು. ಕಾರ್ನೆಟ್ಟಿನ ಶ್ಯಾಂಕ್ ಸಪೂರ, ಗಿಡ್ಡ. ಅದಕ್ಕೆ ಕಾಗದ ಸುತ್ತಿ, ಪ್ಲಂಬರನ ಬಿಳಿ ಟೇಪು ಸುತ್ತಿ ಕೂರಿಸುವವರಿದ್ದಾರೆ. ದಯವಿಟ್ಟು ಬೇಡ. ಟೇಪು ಒಂದೊಂದು ದಿನ ಒಂದೊಂದು ರೀತಿ ಒತ್ತಿಕೊಳ್ಳುತ್ತದೆ, ಶ್ರುತಿ ದಿನಕ್ಕೊಂದು ಆಗುತ್ತದೆ. ಆಮೇಲೆ ಕಲಿಯುವ ಹುಡುಗ ತನ್ನ ಕಿವಿ ಸರಿಯಿಲ್ಲ ಅಂತ ಕೊರಗುತ್ತಾನೆ. ಇದು ನೋಡಲಿಕ್ಕಾಗುವುದಿಲ್ಲ.

ಡ್ರಿಲ್ಲಿನ ಬಗ್ಗೆಯೂ ಹೇಳಿಬಿಡುತ್ತೇನೆ. ಕಪ್ಪಿನ ತಳದ ತೂತಿಗೆ ಥ್ರೋಟ್ ಅನ್ನುತ್ತಾರೆ. ಬಾಕ್‌ನಲ್ಲಿ ಸಾಮಾನ್ಯವಾಗಿ 27ನೇ ನಂಬರಿನ ಡ್ರಿಲ್, ಅಂದರೆ 3.66 ಮಿಲಿಮೀಟರ್. "ಗಾಳಿ ಬಿಡಿಸಿ ಹೋಗಲಿ" ಅಂತ ವರ್ಕ್‌ಶಾಪಿಗೆ ಕೊಂಡುಹೋಗಿ 25ನೇ ನಂಬರಿಗೆ, 3.80ಕ್ಕೆ, ಕೊರೆಸುವವರಿದ್ದಾರೆ. ಕೇಳಲು 0.14 ಮಿಲಿಮೀಟರ್, ಆದರೆ ತೂತಿನ ವಿಸ್ತೀರ್ಣ ಶೇಕಡಾ 8ರಷ್ಟು ಏರುತ್ತದೆ. ಅಷ್ಟು ಗಾಳಿ ನಾಲ್ಕು ಗಂಟೆ ಒದಗಿಸಬೇಕಾದವರು ನೀವೇ. ಕೊರೆದದ್ದನ್ನು ತುಂಬಿಸಲು ಬರುವುದಿಲ್ಲ.

ತೊಳೆಯುವ ವಿಷಯ. ಮನೆಯಲ್ಲಿ ದೀಪ ಬೆಳಗುವ ಹಾಗೆ ಹುಣಸೆಹುಳಿ, ಬೂದಿ ಹಾಕಿ ಮೌತ್‌ಪೀಸ್ ತಿಕ್ಕಬೇಡಿ. ಬೂದಿಯ ಕಣ ರಿಮ್ಮಿನ ಮೇಲೆ ಗೀರು ಬಿಡುತ್ತದೆ, ಆ ಗೀರು ತುಟಿಗೆ ಗೊತ್ತಾಗುತ್ತದೆ. ಬೆಳ್ಳಿ ಲೇಪವೂ ಸವೆಯುತ್ತದೆ. ಲೇಪ ಹೋಗಿ ಹಳದಿ ಹಿತ್ತಾಳೆ ಕಂಡರೆ, ತುಟಿ ತುರಿಸಿದರೆ, ಮತ್ತೆ ಬೆಳ್ಳಿ ಹಾಕಿಸಿ, ಇಲ್ಲವೇ ಬದಲಿಸಿ. ಕೆಲವರಿಗೆ ನಿಕ್ಕಲ್ ಲೇಪ ಅಲರ್ಜಿ, ಅವರಿಗೆ ಚಿನ್ನದ ಲೇಪ ಅಥವಾ ಪ್ಲಾಸ್ಟಿಕ್ಕಿನದು ಆದೀತು. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಮೌತ್‌ಪೀಸ್ ಬ್ರಶ್. ಬ್ರಶ್ ಬಾಲದ ಕಡೆಯಿಂದ ತೂರಿಸಿ, ಪಾಚಿ ಕೂರುವುದು ಅಲ್ಲೇ. ಬೆಳ್ಳಿಯದ್ದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಡಬೇಡಿ, ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಬೆಡಿ (ಸಿಡಿಮದ್ದು) ಸುಡುವ ಜಾತ್ರೆಯಲ್ಲಿ ಊದಿ ಬಂದರೂ ಅಷ್ಟೆ, ಆ ರಾತ್ರಿಯೇ ತೊಳೆದು ಒರೆಸಿಡಿ.

ಕೊನೆಯದು, ಸಿಕ್ಕಿಕೊಂಡ ಮೌತ್‌ಪೀಸ್. ಹಾಕುವಾಗ ಅಂಗೈಯಿಂದ "ಟಪ್" ಅಂತ ಬಡಿಯುವ ಆಟ ಮಕ್ಕಳಿಗೆ ಬಿಡಿಸಿ. ಹಾಗೆ ಬಡಿದದ್ದೇ ಸಿಕ್ಕಿಕೊಳ್ಳುವುದು. ಸಿಕ್ಕಿದರೆ ಇಕ್ಕಳ ಹಾಕಿ ತಿರುಗಿಸಬೇಡಿ. ಮೌತ್‌ಪೀಸ್ ಬರುವ ಮುಂಚೆ ಲೀಡ್‌ಪೈಪಿನ ಬೆಸುಗೆ ಬಿಡುತ್ತದೆ, ಕೊಳವೆ ತಿರುಚಿಕೊಳ್ಳುತ್ತದೆ. ಪುಲ್ಲರ್ ಅಂತ ಸಣ್ಣ ಸಾಧನ ಸಿಗುತ್ತದೆ, ಎರಡೂ ಕಡೆ ಸ್ಕ್ರೂ ಸಮನಾಗಿ, ಕಾಲು ಸುತ್ತು ಇತ್ತ ಕಾಲು ಸುತ್ತು ಅತ್ತ ತಿರುಗಿಸಿದರೆ ನೇರಕ್ಕೆ ಹೊರಬರುತ್ತದೆ. ಒಂದು ಸೆಟ್ಟಿಗೆ ಒಂದು ಇದ್ದರೆ ಸಾಕು. ಹೊರಬಂದ ಮೇಲೆ ಶ್ಯಾಂಕಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಸಿಮೆಂಟು ನೆಲಕ್ಕೆ ಬಿದ್ದು ತುದಿ ನಗ್ಗಿದ್ದರೆ ಅದು ದುಂಡಗಿರುವುದಿಲ್ಲ, ಮೊಟ್ಟೆಯ ಹಾಗೆ ಕಾಣುತ್ತದೆ, ಸಂದಿನ ಅಳತೆಯೂ ಸುಳ್ಳಾಗುತ್ತದೆ. ಓರೆಯ ಉಕ್ಕಿನ ಮೊಳೆಯಂತಹ ಟ್ರೂಯಿಂಗ್ ಟೂಲನ್ನು ಒಳಗಿಟ್ಟು, ತಿರುಗಿಸುತ್ತಾ, ಮರದ ಸುತ್ತಿಗೆಯಿಂದ ತೀರ ಹಗುರವಾಗಿ ತಟ್ಟಿ ಮತ್ತೆ ದುಂಡು ಮಾಡಬಹುದು. ಎರಡು ತಟ್ಟು, ಒಮ್ಮೆ ಬೆಳಕಿಗೆ ಹಿಡಿದು ನೋಡುವುದು. ಮತ್ತೆ ಎರಡು ತಟ್ಟು. ಜಾಸ್ತಿ ತಟ್ಟಿದರೆ ತುದಿ ಅಗಲವಾಗಿ ರಿಸೀವರಿಗೇ ಹೋಗುವುದಿಲ್ಲ.