ಬೂಟು ಕಳೆದುಕೊಂಡ ಕಂಪ್ಯೂಟರ್

ಶನಿವಾರ ಬೆಳಗ್ಗೆ ಕರೆಂಟ್ ಬಿಲ್ ಕಟ್ಟೋಣ ಅಂತ ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆ, ಅದರ ಮೇಲೆ ಎರಡು ಸಾಲು ಇಂಗ್ಲಿಷು: ‘ರಿಮೂವ್ ಡಿಸ್ಕ್ಸ್ ಆರ್ ಅದರ್ ಮೀಡಿಯಾ. ಪ್ರೆಸ್ ಎನಿ ಕೀ ಟು ರೀಸ್ಟಾರ್ಟ್.’ ಡಿವಿಡಿ ಟ್ರೇ ಎಳೆದು ನೋಡಿದೆ, ಖಾಲಿ. ಕೀ ಒತ್ತಿದೆ, ಮತ್ತದೇ ಎರಡು ಸಾಲು. ಹಾರ್ಡ್‌ಡಿಸ್ಕ್ ಶಿವನ ಪಾದ ಸೇರಿತು ಅಂದುಕೊಂಡೆ.

“ಬೂಟ್ ಆಗ್ತಿಲ್ಲ ಕಣೇ!”

“ಚಪ್ಪಲಿ ಸ್ಟ್ಯಾಂಡ್ ಕೆಳಗೆ ನೋಡ್ರೀ” ಅಂತ ಅಡುಗೆಮನೆಯಿಂದ ಉತ್ತರ ಬಂತು. ಅವಳದೇನೂ ತಪ್ಪಿಲ್ಲ. ಆ ಪದ ಹುಟ್ಟಿದ್ದೇ ಕಾಲಿಗೆ ಹಾಕುವ ಬೂಟಿನಿಂದ. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವ ಸಾಹಸಕ್ಕೆ ಇಂಗ್ಲಿಷಿನವರು ‘ಬೂಟ್‌ಸ್ಟ್ರ್ಯಾಪ್’ ಅಂತಿದ್ದರು, ಯಂತ್ರ ತನ್ನಷ್ಟಕ್ಕೆ ತಾನೇ ಏಳುವುದಕ್ಕೆ ಕಂಪ್ಯೂಟರಿನವರು ಅದನ್ನೇ ಮೊಟಕುಗೊಳಿಸಿ ‘ಬೂಟ್’ ಅಂದರು.

ರಿಪೇರಿಗೆ ಬೂಟಬಲ್ ಡಿಸ್ಕ್, ಅಂದರೆ ಯಂತ್ರವನ್ನು ಎಬ್ಬಿಸಬಲ್ಲ ಡಿಸ್ಕ್ ಬೇಕು. ಆ ಡಿಸ್ಕ್ ಮಾಡಲು ಓಡುವ ಕಂಪ್ಯೂಟರ್ ಬೇಕು. ಮದುವೆ ಆಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆ ಆಗದು. ಪಕ್ಕದ ಮನೆಯ ಪಿಯುಸಿ ಹುಡುಗನಿಗೆ ಶರಣಾದೆ. ಅವನು ರಾತ್ರಿಯಿಡೀ 3 ಜಿಬಿಯ ಐಎಸ್‌ಒ ಫೈಲ್, ಅಂದರೆ ಇಡೀ ವಿಂಡೋಸ್ ಡಿಸ್ಕನ್ನು ಒಂದೇ ಗಂಟು ಕಟ್ಟಿದ ಫೈಲ್, ಇಳಿಸಿಟ್ಟ. ಬೆಳಗ್ಗೆ ಅವನು ಏಳುವ ಮೊದಲೇ ಹೋಗಿ, ಅವರಮ್ಮ ಕೊಟ್ಟ ಕಾಫಿ ಕುಡಿಯುತ್ತಾ ಅದನ್ನು ಡಿವಿಡಿಗೆ ಕಾಪಿ ಮಾಡಿಕೊಂಡು ಬಂದೆ. ಕಂಪ್ಯೂಟರ್ ಜಪ್ಪಯ್ಯ ಅನ್ನಲಿಲ್ಲ.

“ಅಂಕಲ್, ಫೈಲ್ ಕಾಪಿ ಮಾಡಿದ್ರೆ ಆಗಲ್ಲ, ಇಮೇಜ್ ಬರ್ನ್ ಮಾಡ್ಬೇಕು, ಗಂಟು ಬಿಚ್ಚಿ ಡಿಸ್ಕ್ ಮೇಲೆ ಬರೀಬೇಕು” ಅಂದ ಹುಡುಗ, ಕಣ್ಣುಜ್ಜುತ್ತಾ. ಅಂದರೆ ನಾನು ಮಾಡಿದ್ದು ಚಕ್ಕುಲಿ ಒರಳಿಗೆ ಹಿಟ್ಟಿನ ಪ್ಯಾಕೆಟ್ಟನ್ನೇ ತುರುಕಿದ ಹಾಗೆ. ಡಿಸ್ಕಿನಿಂದ ಯಂತ್ರ ಏಳಬೇಕಾದರೆ ಮೊದಲು ಓದಬೇಕಾದ್ದು ಗೊತ್ತಾದ ಜಾಗದಲ್ಲಿ ಕೂತಿರಬೇಕಂತೆ. 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಕಂಪನಿಗಳು ಸೇರಿ ಮಾಡಿದ ಆ ಕಟ್ಟಳೆಯ ಹೆಸರು ‘ಎಲ್ ಟೊರಿಟೊ’. ಸ್ಪ್ಯಾನಿಷ್‌ನಲ್ಲಿ ಪುಟ್ಟ ಹೋರಿ. ನನ್ನ ಡಿವಿಡಿಯಲ್ಲಿ ಕೊಟ್ಟಿಗೆ ಇತ್ತು, ಹೋರಿ ಇರಲಿಲ್ಲ.

ಎರಡನೇ ಡಿವಿಡಿ ಸರಿಯಾಗಿಯೇ ಆಯಿತು. ವಿಂಡೋಸನ್ನು ಎಲ್ಲೆಲ್ಲಿ, ಯಾವ ಸರದಿಯಲ್ಲಿ ಹುಡುಕಬೇಕು ಅಂತ ಯಂತ್ರಕ್ಕೆ ಹೇಳುವ ಬಯಾಸ್‌ಗೆ ಹೋಗಿ ಡಿವಿಡಿಯನ್ನು ಮೊದಲ ಸ್ಥಾನಕ್ಕೆ ತಂದೆ. ‘ಯಾವುದಾದರೂ ಕೀ ಒತ್ತಿ’ ಎಂದು ಬಂತು. ಯಾವುದು ಒಳ್ಳೆಯದು ಅಂತ ಯೋಚಿಸುವಷ್ಟರಲ್ಲಿ ಅವಕಾಶ ಹೋಯಿತು. ಇನ್ನೊಮ್ಮೆ ಆನ್ ಮಾಡಿ ಕೀಬೋರ್ಡನ್ನೇ ಗುದ್ದಿದೆ. ಡಿವಿಡಿಯೊಳಗಿನ ‘ಸ್ಟಾರ್ಟಪ್ ರಿಪೇರಿ’ ಅನ್ನುವ ವೈದ್ಯ ತುಂಬಾ ಹೊತ್ತು ತಪಾಸಣೆ ಮಾಡಿ, ಯಾವ ತೊಂದರೆಯೂ ಸಿಗಲಿಲ್ಲ ಅಂದಿತು. ಡಿವಿಡಿ ತೆಗೆದೆ. ಮತ್ತದೇ ಎರಡು ಸಾಲು.

ಸೋಮವಾರ ಸಂಜೆ ದೇವರ ದೀಪ ಹಚ್ಚುವ ಹೊತ್ತಿಗೆ ಇವಳು ಕೇಳಿದಳು. “ರೀ, ನನ್ನ ವಿಷ್ಣು ಸಹಸ್ರನಾಮದ ಪೆನ್‌ಡ್ರೈವ್ ಎಲ್ಲಾದ್ರೂ ನೋಡಿದ್ರಾ? ಶುಕ್ರವಾರ ಕಾಪಿ ಮಾಡ್ಕೊಡ್ತೀನಿ ಅಂತ ಇಸ್ಕೊಂಡಿದ್ರಿ.”

ಮೇಜಿನ ಕೆಳಗೆ ತೆವಳಿದೆ. ಸಿಪಿಯು ಹಿಂಬದಿಯಲ್ಲಿ, ಜೇಡರ ಬಲೆಯ ನಡುವೆ ಅದು ಸಿಕ್ಕಿಕೊಂಡಿತ್ತು. ನಮ್ಮ ಕಂಪ್ಯೂಟರ್ ಮೂರು ದಿನದಿಂದ ಸಹಸ್ರನಾಮದೊಳಗೆ ವಿಂಡೋಸ್ ಹುಡುಕುತ್ತಿತ್ತು. ಸಿಗದೇ ಹೋದಾಗಲೆಲ್ಲ ‘ಅದನ್ನು ತೆಗೀರಿ’ ಅಂತ ಪಾಪ, ಪರದೆಯ ಮೇಲೇ ಬರೆಯುತ್ತಿತ್ತು.

ಕಿತ್ತೆ. ವಿಂಡೋಸ್ ಬಂತು.

“ಏನಾಗಿತ್ತಂತೆ?”

“ಒಳಗಡೆ ದೊಡ್ಡ ಪ್ರಾಬ್ಲಮ್ಮು, ನಿಂಗೆ ಅರ್ಥ ಆಗಲ್ಲ” ಅಂದು ಪೆನ್‌ಡ್ರೈವನ್ನು ದೇವರ ಮನೆಯ ಊದುಬತ್ತಿ ಡಬ್ಬಿಯ ಹಿಂದೆ ಇಟ್ಟು ಬಂದೆ, ಅಲ್ಲೇ ಇತ್ತೇನೋ ಅನ್ನುವ ಹಾಗೆ.