ಹುಡುಗ ಇನ್ನೂ ಮಾಗಿಲ್ಲ, ಸ್ವಾಮಿ

ಅಮೆರಿಕದ ಬೇಸ್‌ಬಾಲ್‌ನಲ್ಲಿ ಒಬ್ಬ ಹುಡುಗ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ಗೆ ತಯಾರಾಗಿದ್ದಾನೋ ಇಲ್ಲವೋ ಅಂತ ಹೇಳೋದು ಕೋಚ್ ಅಂದುಕೊಂಡಿದ್ದೀರಾ? ಪಾಪ, ನೀವು ತುಂಬಾ ಒಳ್ಳೆಯವರು. ಅದನ್ನು ಹೇಳೋದು ಗೋಡೆ ಮೇಲಿನ ಕ್ಯಾಲೆಂಡರ್.

ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳೋದಕ್ಕೆ ಡ್ರಾಫ್ಟ್ ಅಂತಾರೆ. 2013ರ ಡ್ರಾಫ್ಟ್‌ನಲ್ಲಿ ಷಿಕಾಗೊ ಕಬ್ಸ್ ತಂಡ ಎರಡನೇ ಆಯ್ಕೆಯಾಗಿ ಕ್ರಿಸ್ ಬ್ರಯಂಟ್‌ನನ್ನು ಆರಿಸಿಕೊಂಡಿತು. ಸಹಿ ಹಾಕಿದ್ದಕ್ಕೇ 67 ಲಕ್ಷ ಡಾಲರ್. ಮರುವರ್ಷ ಕೆಳಹಂತದ ಮೈನರ್ ಲೀಗ್‌ಗಳಲ್ಲಿ ಹುಡುಗ 43 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಬಾರಿಸಿದ. 2015ರ ಅಭ್ಯಾಸ ಪಂದ್ಯಗಳಲ್ಲಿ ಇನ್ನೂ ಒಂಬತ್ತು. ಅಲ್ಲಿ ಅವನಿಗಿಂತ ಜಾಸ್ತಿ ಹೊಡೆದವರೇ ಇರಲಿಲ್ಲ. ತಂಡದವರು ಗಂಭೀರವಾಗಿ ತಲೆಯಾಡಿಸಿದರು. ಫೀಲ್ಡಿಂಗ್ ಸಾಲದು, ಅಯೋವಾದ ಮೈನರ್ ಲೀಗ್ ತಂಡದಲ್ಲಿ ಸ್ವಲ್ಪ ಮಾಗಿ ಬರಲಿ ಅಂದರು.

ನಿಯಮ ಹೀಗಿದೆ. ಒಂದು ಸೀಸನ್‌ನಲ್ಲಿ 172 ದಿನ ಮೇಜರ್ ಲೀಗ್ ಪಟ್ಟಿಯಲ್ಲಿದ್ದರೆ ಒಂದು ವರ್ಷದ ಸರ್ವಿಸ್. ಆರು ವರ್ಷ ತುಂಬಿದರೆ ಆಟಗಾರ ಸ್ವತಂತ್ರ, ಜಾಸ್ತಿ ದುಡ್ಡು ಕೊಡೋ ತಂಡಕ್ಕೆ ಹೋಗಬಹುದು. ಒಂದು ದಿನ ಕಮ್ಮಿಯಾದರೂ ಇನ್ನೊಂದು ವರ್ಷ ಅವನು ನಿಮ್ಮವನೇ.

ಬ್ರಯಂಟ್ ಅಯೋವಾದಲ್ಲಿ ಆಡಿದ್ದು ಏಳು ಪಂದ್ಯ. ಏಪ್ರಿಲ್ 17ಕ್ಕೆ ಕರೆ ಬಂತು. ಏಳೇ ಪಂದ್ಯಕ್ಕೆ ಫೀಲ್ಡಿಂಗ್ ವಿದ್ಯೆ ಕರಗತ! ಎಂಥ ಗುರುಕುಲ ಇರಬೇಕು ಅದು. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಅವನ ಖಾತೆಯಲ್ಲಿ ಸರಿಯಾಗಿ 171 ದಿನ. ಎಲ್ಲಾ ಕಾಕತಾಳೀಯ, ಬಿಡಿ. ಅವನು ದೂರು ಕೊಟ್ಟ. ತೀರ್ಪು ಬಂದದ್ದು 2020ರಲ್ಲಿ. ಅಷ್ಟರೊಳಗೆ ವರ್ಷದ ಹೊಸ ಆಟಗಾರ, ಲೀಗಿನ ಅತಿ ಮೌಲ್ಯದ ಆಟಗಾರ, ವರ್ಲ್ಡ್ ಸೀರೀಸ್ ಗೆಲುವು, ಎಲ್ಲಾ ಆಗಿತ್ತು. ತೀರ್ಪು ಮಾತ್ರ ತಂಡದ ಪರ.

ಇವನಿಗಾದರೂ 67 ಲಕ್ಷ ಬಂದಿತ್ತು. ಕೊನೆಯ ಸುತ್ತುಗಳಲ್ಲಿ ಆಯ್ಕೆಯಾಗಿ ಊರೂರು ಬಸ್ಸಿನಲ್ಲಿ ಅಲೆಯೋ ಹುಡುಗರ ಕಥೆ ಬೇರೆ. ಅವರಿಗೆ ಜಾಸ್ತಿ ಕೂಲಿ ಕೊಡಬೇಕಾದೀತು ಅಂತ ಹೆದರಿದ ಲೀಗಿನವರು, 2018ರಲ್ಲಿ ಸರ್ಕಾರದ ಎರಡು ಸಾವಿರಕ್ಕೂ ಹೆಚ್ಚು ಪುಟಗಳ ಖರ್ಚಿನ ಮಸೂದೆಯೊಳಗೆ ಒಂದು ಕಾಯ್ದೆ ತೂರಿಸಿಕೊಂಡರು. ಹೆಸರು, ‘ಅಮೆರಿಕದ ಆಟ ಉಳಿಸುವ ಕಾಯ್ದೆ’. ವಾರಕ್ಕೆ 40 ಗಂಟೆಯ ಕನಿಷ್ಠ ಕೂಲಿ ಸಾಕು, ಓವರ್‌ಟೈಮ್ ಬೇಡ, ಸೀಸನ್‌ಗೆ ಮುಂಚಿನ ತರಬೇತಿಗೆ ಬಿಡಿಗಾಸೂ ಬೇಡ. ಕಲಿಯೋ ಹುಡುಗರಿಗೆ ಸಂಬಳ ಯಾಕೆ, ಅಲ್ವಾ? 2022ರಲ್ಲಿ ಹುಡುಗರು ಯೂನಿಯನ್ ಸೇರಿದರು. ಮರುವರ್ಷ ಮೈನರ್ ಲೀಗ್‌ಗಳ ಅತಿ ಮೇಲಿನ ಮೆಟ್ಟಿಲಾದ ಟ್ರಿಪಲ್ ಎಯಲ್ಲಿ ವರ್ಷದ ಸಂಬಳ 17,500 ಡಾಲರ್‌ನಿಂದ 35,800ಕ್ಕೆ ಏರಿತು. ಆಟ ಹೇಗೋ ಉಳಿದುಕೊಂಡಿದೆ.

ಈ ಮಾಗಿಸೋ ಗುಟ್ಟನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದವರು ಸಿಯಾಟಲ್ ಮ್ಯಾರಿನರ್ಸ್ ಅಧ್ಯಕ್ಷ ಕೆವಿನ್ ಮ್ಯಾದರ್. 2021ರಲ್ಲಿ ಒಂದು ರೋಟರಿ ಕ್ಲಬ್ಬಿನವರ ಜೊತೆ ಆನ್‌ಲೈನ್‌ನಲ್ಲಿ ಹರಟುತ್ತಾ, ಯಾವ ಹುಡುಗರನ್ನು ಸರ್ವಿಸ್ ಲೆಕ್ಕಕ್ಕಾಗಿ ತಡೆದು ಇಟ್ಟುಕೊಳ್ಳುತ್ತೇವೆ ಅಂತ ಸಲೀಸಾಗಿ ಹೇಳಿಬಿಟ್ಟರು. ಹೂಲಿಯೊ ರೊಡ್ರಿಗೆಜ್ ಎಂಬ ಹುಡುಗನ ಇಂಗ್ಲಿಷ್ ಅಷ್ಟಕ್ಕಷ್ಟೆ ಅಂತಲೂ ಸೇರಿಸಿದರು. ವಿಡಿಯೊ ಹೊರಬಂತು, ಕುರ್ಚಿ ಹೋಯಿತು.

2022ರಲ್ಲಿ ಮಾಲೀಕರಿಗೂ ಆಟಗಾರರಿಗೂ ಹೊಸ ಒಪ್ಪಂದವಾಯಿತು. ಒಳ್ಳೆಯ ಹುಡುಗನನ್ನು ಅಡಗಿಸಿಡದೆ ಸೀಸನ್ ಶುರುವಿನಿಂದಲೇ ಆಡಿಸಿ, ಅವನು ವರ್ಷದ ಹೊಸ ಆಟಗಾರನಾದರೆ, ತಂಡಕ್ಕೆ ಡ್ರಾಫ್ಟ್‌ನಲ್ಲಿ ಒಂದು ಆಯ್ಕೆ ಉಚಿತ. ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಕರೆದಿದ್ದಕ್ಕೆ ಮಾಲೀಕರಿಗೆ ಬಹುಮಾನ! ಮೊದಲ ಬಹುಮಾನ ಗೆದ್ದದ್ದು ಸಿಯಾಟಲ್. ಗೆಲ್ಲಿಸಿಕೊಟ್ಟವನು ಅದೇ ರೊಡ್ರಿಗೆಜ್.